ನವಮಿಯಿಂದ ಹುಣ್ಣಿಮೆಗೆ: ಬೆಂಗಳೂರಿನ ಬೇಸಿಗೆ

ಬೇಸಿಗೆಯಲ್ಲಿ ಯಾರಾದ್ರೂ ಬೆಂಗಳೂರಿಗೆ ಪ್ರವಾಸ ಹೋಗ್ತಾರಾ ಎಂದು ಶಿವಮೊಗ್ಗದ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದರು. ಕೆಲಸಕ್ಕೆ ಹೋಗ್ತಾರೆ, ಮದುವೆಗೆ ಹೋಗ್ತಾರೆ, ಆಸ್ಪತ್ರೆಗೆ ಹೋಗ್ತಾರೆ. ಪ್ರವಾಸಕ್ಕೆ? ನಾನು ಗೋಡೆಯ ಕ್ಯಾಲೆಂಡರ್ ತೋರಿಸಿದೆ. 2025ರ ಏಪ್ರಿಲ್ 6ಕ್ಕೆ ರಾಮನವಮಿ. 12ಕ್ಕೆ ಚೈತ್ರದ ಹುಣ್ಣಿಮೆ, ಅಂದರೆ ಕರಗ. ನಡುವೆ 10ನೇ ತಾರೀಕು ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಮ್ಯಾಚು. ಸಂಗೀತ, ದೇವರು, ಕ್ರಿಕೆಟ್ಟು ಮೂರೂ ಒಂದೇ ವಾರದಲ್ಲಿ ಬೇರೆ ಯಾವ ಊರಲ್ಲಿ ಸಿಗುತ್ತದೆ? ಚಾಮರಾಜಪೇಟೆಯಲ್ಲಿ ಚಿಕ್ಕಮ್ಮನ ಮನೆ ಇದೆ, ಉಳಿಯುವ ಖರ್ಚಿಲ್ಲ. ರಜೆ ಬರೆದುಕೊಟ್ಟು ರಾತ್ರಿ ರೈಲು ಹತ್ತಿದೆ.

ಭಾನುವಾರ, ಏಪ್ರಿಲ್ 6: ನವಮಿ

ಚಾಮರಾಜಪೇಟೆಯಲ್ಲಿ ರಾಮನವಮಿಯ ದಿನ ಬಾಯಾರಿಕೆ ಆಗುವುದು ಸಾಧ್ಯವೇ ಇಲ್ಲ. ಹತ್ತು ಗಂಟೆಯ ಹೊತ್ತಿಗೆ ರಸ್ತೆಗೊಂದು ಶಾಮಿಯಾನ, ಅದರ ಕೆಳಗೆ ಪಾನಕದ ಡ್ರಮ್ಮು, ಪಕ್ಕದಲ್ಲಿ ನೀರುಮಜ್ಜಿಗೆ, ದೊನ್ನೆಯಲ್ಲಿ ಹೆಸರುಬೇಳೆ ಕೋಸಂಬರಿ. ಬೈಕಿನವರನ್ನು ಕೈ ಅಡ್ಡ ಹಿಡಿದು ನಿಲ್ಲಿಸಿ ಕುಡಿಸುತ್ತಾರೆ. ಬೆಲ್ಲ, ಏಲಕ್ಕಿ, ಶುಂಠಿ, ಕಾಳುಮೆಣಸು ಎಲ್ಲ ಕಡೆಯೂ ಇರುತ್ತದೆ, ಆದರೆ ಒಬ್ಬರ ಪಾನಕ ಇನ್ನೊಬ್ಬರದರಂತೆ ಇರುವುದಿಲ್ಲ. ಬೇಲದ ಹಣ್ಣು ಹಾಕಿದ್ದು ಒಂದೇ ಕಡೆ ಸಿಕ್ಕಿತು, ಅಲ್ಲಿ ನಾನು ಎರಡನೇ ಲೋಟ ಕೇಳಿದೆ. ಸಕ್ಕರೆ ಕಾಯಿಲೆಯ ಚಿಕ್ಕಪ್ಪ ಮೂರನೇ ಲೋಟಕ್ಕೆ ಕೈ ಚಾಚಿದಾಗ ಚಿಕ್ಕಮ್ಮ ಕಣ್ಣು ಬಿಟ್ಟರು. "ಬೆಲ್ಲ ಕಣೆ ಇದು, ಸಕ್ಕರೆ ಅಲ್ಲ" ಅಂದರು ಚಿಕ್ಕಪ್ಪ.

ಸಂಜೆ ಫೋರ್ಟ್ ಹೈಸ್ಕೂಲ್ ಮೈದಾನ. ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ನಡೆಯುವುದು ಇಲ್ಲೇ. ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು 1939ರಲ್ಲಿ ಚಾಮರಾಜಪೇಟೆಯಲ್ಲಿ ಶುರು ಮಾಡಿದ್ದು. ಎಂ.ಎಸ್. ಸುಬ್ಬುಲಕ್ಷ್ಮಿ, ಬಾಲಮುರಳಿಕೃಷ್ಣ, ಭೀಮಸೇನ ಜೋಶಿ ಎಲ್ಲರೂ ಇಲ್ಲಿ ಹಾಡಿದ್ದಾರೆ. ಒಂದು ದಿನದ ಹಬ್ಬವನ್ನು ತಿಂಗಳ ತನಕ ಎಳೆದುಕೊಂಡು ಹೋಗುವ ಜಾಣತನ ಸಂಗೀತದವರಿಗೆ ಮಾತ್ರ ಇದೆ ಅನ್ನಿಸುತ್ತದೆ.

ನನಗೆ ಹಿಡಿಸಿದ್ದು ಜಾಗ. ಹವಾನಿಯಂತ್ರಣ ಇಲ್ಲ, ಮೆತ್ತನೆ ಸೀಟಿಲ್ಲ. ಶಾಲೆಯ ಆಟದ ಮೈದಾನಕ್ಕೆ ಪೆಂಡಾಲು ಹೊದಿಸಿ ಕುರ್ಚಿ ಹಾಕಿದ್ದಾರೆ. ಹೊರಗೆ ರಸ್ತೆಯಲ್ಲಿ ಬಸ್ಸುಗಳ ಹಾರನ್. ಮೇಲೆ ಫ್ಯಾನು, ಕೈಯಲ್ಲಿ ಕರಪತ್ರದ ಬೀಸಣಿಗೆ. ಮೊದಲ ಅರ್ಧ ಗಂಟೆ ಹಾರನ್ ಕೇಳಿಸುತ್ತದೆ, ಆಮೇಲೆ ಕೇಳಿಸುವುದಿಲ್ಲ. ಗಾಯಕಿ ಕಲ್ಯಾಣಿ ರಾಗವನ್ನು ನಿಧಾನವಾಗಿ ಬಿಡಿಸುತ್ತಿದ್ದರು. ನನ್ನ ಮುಂದೆ ಕೂತಿದ್ದ ಅಜ್ಜಿಯೊಬ್ಬರು ತೊಡೆಯ ಮೇಲೆ ತಾಳ ಹಾಕುತ್ತಾ ಮಧ್ಯೆ ಮಧ್ಯೆ ಹೂ ಕಟ್ಟುತ್ತಿದ್ದರು. ಎರಡೂ ತಪ್ಪುತ್ತಿರಲಿಲ್ಲ.

ಚಿಕ್ಕಮ್ಮನ ಮಗ, ನನ್ನ ತಮ್ಮ, ಕಛೇರಿಗೆ ಬಂದಿದ್ದು ಒಂದು ಷರತ್ತಿನ ಮೇಲೆ. ಪೆಂಡಾಲಿನ ಹೊರಗೆ ನಿಂತು ಫೋನಿನಲ್ಲಿ ಫುಟ್‌ಬಾಲ್ ನೋಡಬಹುದು, ಬಾಯಿ ಬಿಡಬಾರದು. ಅವತ್ತು ಗೋವಾದಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಸೆಮಿಫೈನಲ್‌ನ ಎರಡನೇ ಪಂದ್ಯ. ಇಲ್ಲಿ ಕಂಠೀರವದಲ್ಲಿ ನಡೆದ ಮೊದಲ ಪಂದ್ಯವನ್ನು ಬೆಂಗಳೂರು ಎಫ್‌ಸಿ 2-0ಯಿಂದ ಗೆದ್ದಿತ್ತು. ಗೋವಾದವರು ಒಂದು ಗೋಲು ಹೊಡೆದರು, 88ನೇ ನಿಮಿಷಕ್ಕೆ ಇನ್ನೊಂದು. ಎರಡೂ ಪಂದ್ಯ ಕೂಡಿಸಿದರೆ ಲೆಕ್ಕ ಸಮ ಆಯಿತು. ಒಳಗೆ ಮೃದಂಗದ ತನಿ, ಅಂದರೆ ಮೃದಂಗದವರು ಒಬ್ಬರೇ ನುಡಿಸುವ ಭಾಗ, ಏರುತ್ತಿತ್ತು. ಹೊರಗೆ ತಮ್ಮ ಉಗುರು ಕಚ್ಚುತ್ತಿದ್ದ. 90 ನಿಮಿಷದ ಕೊನೆಗೆ ಸೇರಿಸಿದ ಸಮಯದ ಎರಡನೇ ನಿಮಿಷದಲ್ಲಿ 40 ವರ್ಷದ ಸುನಿಲ್ ಛೆಟ್ರಿ ತಲೆಯಿಂದ ಚೆಂಡನ್ನು ಗೋಲಿಗೆ ತಳ್ಳಿದರು. ಷರತ್ತು ಅಲ್ಲಿಗೆ ಮುಗಿಯಿತು. ತಮ್ಮ ಕಿರುಚಿದ ಕಿರುಚಾಟಕ್ಕೆ ಹಿಂದಿನ ನಾಲ್ಕು ಸಾಲು ತಿರುಗಿ ನೋಡಿತು. ಅಷ್ಟರಲ್ಲಿ ತನಿ ಮುಗಿದು ಚಪ್ಪಾಳೆ ಬಿತ್ತು. ಪಂಚೆ ಉಟ್ಟ ಹಿರಿಯರೊಬ್ಬರು, "ಪರವಾಗಿಲ್ಲ, ಹುಡುಗನಿಗೆ ಲಯದ ಹುಚ್ಚಿದೆ" ಅಂದರು. ನಾವು ಯಾರೂ ತಿದ್ದಲಿಲ್ಲ.

ಸೋಮವಾರ, ಏಪ್ರಿಲ್ 7: ದಶಮಿ

ಬೆಳಗ್ಗೆ ಚಿಕ್ಕಪ್ಪನ ಜೊತೆ ಲಾಲ್‌ಬಾಗ್. ಬೇಸಿಗೆಯಲ್ಲಿ ಬೆಂಗಳೂರನ್ನು ನೋಡಬೇಕಾದರೆ ಒಂಬತ್ತು ಗಂಟೆಯ ಒಳಗೆ, ಇಲ್ಲ ಆರು ಗಂಟೆಯ ಮೇಲೆ. ನಡುವಿನದು ಫ್ಯಾನಿನ ಕೆಳಗಿನ ಹೊತ್ತು.

ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ಅಂತ ಬೋರ್ಡೇ ಹೇಳುತ್ತದೆ. ಅದರ ಮೇಲೆ ಕೆಂಪೇಗೌಡರ ಗೋಪುರ. ಗೋಪುರದ ಸುತ್ತ ಯೋಗ ಮಾಡುವವರು, ಓಡುವವರು, ಓಡುತ್ತೇನೆ ಅಂತ ಬಂದು ಕೂತವರು. ತಿಂಗಳ ಕೊನೆಗೆ ಟಿಸಿಎಸ್ 10ಕೆ ಓಟ ಇತ್ತು, ಹಾಗಾಗಿ ಓಡುವವರ ಮುಖದಲ್ಲಿ ಸ್ವಲ್ಪ ಗಾಂಭೀರ್ಯ ಜಾಸ್ತಿ.

ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದವರು ಚಿಕ್ಕಪ್ಪ. ಬಂಡೆಯ ಮೇಲೆ ನಿಂತು ಉತ್ತರಕ್ಕೆ ಕೈ ತೋರಿಸಿದರು. "ಈ ಊರಿಗೆ ಹೊಳೆ ಇಲ್ಲ ನೋಡು. ಕೆರೆ ಕಟ್ಟಿಕೊಂಡು ಬದುಕಿದ ಊರು. ಆಮೇಲೆ ಆ ಕೆರೆಗಳ ಮೇಲೇ ಆಡೋಕೆ ಶುರು ಮಾಡಿತು." ಒಂದೊಂದೇ ಹೇಳುತ್ತಾ ಹೋದರು. ಧರ್ಮಾಂಬುಧಿ ಕೆರೆ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ. ಶೂಲೆ ಕೆರೆ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಸ್ಟೇಡಿಯಂ. ಚಲ್ಲಘಟ್ಟ ಕೆರೆಯ ಜಾಗದಲ್ಲಿ ಗಾಲ್ಫ್. "ಕೆರೆ ಅಂಗಳ ಸಮತಟ್ಟಾಗಿರುತ್ತೆ, ಸರ್ಕಾರದ ಕೈಯಲ್ಲಿರುತ್ತೆ. ಸ್ಟೇಡಿಯಂ ಕಟ್ಟೋಕೆ ಅದಕ್ಕಿಂತ ಸುಲಭದ ಜಾಗ ಯಾವುದಿದೆ?" ಕೋಪದಿಂದ ಹೇಳಲಿಲ್ಲ, ನಕ್ಷೆ ಓದುವ ಧಾಟಿಯಲ್ಲೇ ಹೇಳಿದರು. ಆದರೆ ಆ ಪಟ್ಟಿ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆ ವಾರವಿಡೀ ಎಲ್ಲಿ ಹೋದರೂ ಕಾಲ ಕೆಳಗೆ ಏನಿತ್ತು ಎಂದು ಕೇಳಿಕೊಳ್ಳುವ ಚಟ ಹತ್ತಿತು.

ರಾತ್ರಿ ವಾಂಖೆಡೆಯಲ್ಲಿ ಆರ್‌ಸಿಬಿ ಮುಂಬೈಯನ್ನು 12 ರನ್ನಿನಿಂದ ಸೋಲಿಸಿತು. ಅಲ್ಲಿ ಗೆಲ್ಲದೆ ಹತ್ತು ವರ್ಷ ಆಗಿತ್ತಂತೆ. ನಮ್ಮ ರಸ್ತೆಯಲ್ಲಿ ಪಟಾಕಿ. ಚಿಕ್ಕಮ್ಮ ಎದ್ದು ಕಿಟಕಿ ಹಾಕಿಕೊಂಡರು.

ಮಂಗಳವಾರ, ಏಪ್ರಿಲ್ 8: ಏಕಾದಶಿ

ಚಿಕ್ಕಮ್ಮನಿಗೆ ಉಪವಾಸ. ನಮಗೆ ಅವಲಕ್ಕಿ. ಮಧ್ಯಾಹ್ನದ ಬಿಸಿಲು ತಪ್ಪಿಸಿಕೊಳ್ಳಲು ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಹೋದೆ. ಮಾಣಿಕ್ಯವೇಲು ಮ್ಯಾನ್ಷನ್ ಎಂಬ ಹಳೇ ಬಂಗಲೆ. 2009ರಿಂದ ಅದು ಗ್ಯಾಲರಿ. ಚಿತ್ರಗಳಷ್ಟೇ ಚೆನ್ನಾಗಿರುವುದು ಅಂಗಳದ ಮರಗಳು. ಒಳಗೆ ನಾಲ್ಕೈದು ಜನ, ಹೊರಗೆ ನೆರಳಲ್ಲಿ ಕೂತವರು ಅದಕ್ಕಿಂತ ಜಾಸ್ತಿ. ಯಾರೂ ಎಬ್ಬಿಸುವುದಿಲ್ಲ. ಬೇಸಿಗೆಯಲ್ಲಿ ಒಂದು ಸರ್ಕಾರಿ ಸಂಸ್ಥೆ ಇದಕ್ಕಿಂತ ದೊಡ್ಡ ಉಪಕಾರ ಮಾಡಲಾರದು.

ಸಂಜೆ ಜೆ.ಪಿ. ನಗರದ ರಂಗಶಂಕರ. ಶಂಕರ್ ನಾಗ್ 1990ರಲ್ಲಿ ತೀರಿಕೊಂಡರು. ಅವರ ಕನಸಿನ ರಂಗಮಂದಿರವನ್ನು ಅರುಂಧತಿ ನಾಗ್ ಮತ್ತು ಗೆಳೆಯರು 2004ರಲ್ಲಿ ತೆರೆದರು. ಸೋಮವಾರ ಬಿಟ್ಟರೆ ದಿನಾ ನಾಟಕ. ಎಲ್ಲರಿಗೂ ಗೊತ್ತಿರುವ ನಿಯಮ ಒಂದೇ: ಗಂಟೆ ಹೊಡೆದ ಮೇಲೆ ಬಾಗಿಲು ತೆರೆಯುವುದಿಲ್ಲ. ನಾವು ಅರ್ಧ ಗಂಟೆ ಮೊದಲೇ ಹೋಗಿ ಕೆಫೆಯಲ್ಲಿ ಸಾಬೂದಾನ ವಡೆ ತಿಂದೆವು. ನಾಟಕಕ್ಕಿಂತ ವಡೆಗೇ ಬರುವವರೂ ಇದ್ದಾರೆ ಎಂದು ತಮ್ಮ ಹೇಳಿದ, ಸುಳ್ಳಿರಲಾರದು. ಬಾಗಿಲು ಹಾಕಿದ ಮೇಲೆ ಒಬ್ಬ ದಂಪತಿ ಓಡಿ ಬಂದರಂತೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕು ಅಂತ ಹೇಳಿಕೊಂಡರಂತೆ. ಆ ಊರಲ್ಲಿ ಅದಕ್ಕಿಂತ ಸಾಚಾ ಕಾರಣ ಇಲ್ಲ. ಆದರೂ ಒಳಗೆ ಬಿಡಲಿಲ್ಲ. ಸರಿಯೇ ಅಂತ ನನ್ನ ಅಭಿಪ್ರಾಯ. ಮುಖ್ಯ ಅತಿಥಿ ಬರುವ ತನಕ ಕಾಯುವ ಸಭೆಗಳಲ್ಲಿ ಜೀವನ ಕಳೆದವಳು ನಾನು.

ಹೊಸ ಹುಡುಗರ ತಂಡ. ಮೊದಲರ್ಧ ಗಟ್ಟಿ, ಎರಡನೆಯರ್ಧ ಜಾಳು. ಆದರೆ ಒಬ್ಬ ಹುಡುಗಿ ಇಡೀ ನಾಟಕ ಒಂದು ಕೊಡೆ ಹಿಡಿದುಕೊಂಡು ಮೂರು ಪಾತ್ರ ಮಾಡಿದಳು. ಅವಳನ್ನು ನೋಡಿದ್ದಕ್ಕೆ ಟಿಕೆಟ್ ದುಡ್ಡು ಬಂತು.

ಬುಧವಾರ, ಏಪ್ರಿಲ್ 9: ದ್ವಾದಶಿ

"ಅಕ್ಕ, ಇವತ್ತು ಬ್ರೆಜಿಲ್‌ಗೆ ಕರ್ಕೊಂಡು ಹೋಗ್ತೀನಿ" ಅಂದ ತಮ್ಮ. ಮೆಟ್ರೊ ಹತ್ತಿಸಿ ಹಲಸೂರಿನಲ್ಲಿ ಇಳಿಸಿದ. 2025ರ ಫೆಬ್ರವರಿಯಲ್ಲಿ ಮೆಟ್ರೊ ದರ ಏರಿದ ಮೇಲೆ ಬೆಂಗಳೂರಿನವರು ಕಾರ್ಡ್ ಒತ್ತುವಾಗ ಒಂದು ಸಣ್ಣ ಉಸಿರು ಬಿಡುತ್ತಾರೆ, ಗಮನಿಸಿ.

ಅವನು ಹೇಳಿದ ಬ್ರೆಜಿಲ್ ಅಂದರೆ ಗೌತಮಪುರ. ಇಕ್ಕಟ್ಟಿನ ಬೀದಿ, ಒಂದಕ್ಕೊಂದು ಆತುಕೊಂಡ ಮನೆಗಳು. ಅಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಪ್ರತಿಮೆಗಳ ಸಾಲಿನಲ್ಲಿ ನಾಲ್ಕನೆಯವರು ಪೆಲೆ. ಹಳದಿ ಅಂಗಿಯ ಪೆಲೆ. ನಮ್ಮ ಕಡೆ ಊರಿನ ವೃತ್ತದಲ್ಲಿ ಯಾರನ್ನು ನಿಲ್ಲಿಸಬೇಕು ಎಂದು ಎಷ್ಟು ಜಗಳ ಆಗುತ್ತದೆ! ಇಲ್ಲಿ ಫುಟ್‌ಬಾಲ್ ಆಟಗಾರನನ್ನು ಮಹಾತ್ಮರ ಪಕ್ಕ ನಿಲ್ಲಿಸಿಕೊಂಡು ಜನ ಆರಾಮಾಗಿದ್ದಾರೆ.

ಬಿಸಿಲು ಇಳಿಯುತ್ತಿದ್ದ ಹಾಗೆ ಹುಡುಗರು ಬಂದರು. ಕೆಲವರ ಕಾಲಲ್ಲಿ ಬೂಟು, ಕೆಲವರದು ಬರಿಗಾಲು. ತಮಿಳು, ಕನ್ನಡ, ಇಂಗ್ಲಿಷು ಮೂರರಲ್ಲೂ ಬೈಗುಳ. ಚೆಂಡು ಮೇಲೆ ಹಾರುವುದೇ ಇಲ್ಲ, ನೆಲ ಬಿಡದೆ ಕಾಲಿಂದ ಕಾಲಿಗೆ ಹೋಗುತ್ತದೆ. ಬೀದಿಯಲ್ಲಿ ಆಡಿ ಕಲಿತವರಿಗೆ ಎತ್ತರದ ಪಾಸ್ ಅಭ್ಯಾಸವಿರುವುದಿಲ್ಲ, ಯಾರದೋ ಕಿಟಕಿ ಒಡೆಯುತ್ತದಲ್ಲ.

ಅಲ್ಲಿ ಕಟ್ಟೆಯ ಮೇಲೆ ಕೂತಿದ್ದ ಹಳೆಯ ಆಟಗಾರರೊಬ್ಬರು ಅಹ್ಮದ್ ಖಾನ್ ಹೆಸರು ತೆಗೆದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ತಂಡದ ಹೆಚ್ಚಿನವರು ಬರಿಗಾಲಲ್ಲೇ ಆಡಿ ಫ್ರಾನ್ಸ್ ಎದುರು 2-1ರಿಂದ ಸೋತ ಪಂದ್ಯ ಇದೆಯಲ್ಲ, ಆ ತಂಡದಲ್ಲಿದ್ದ ಬೆಂಗಳೂರಿಗ. ಆಮೇಲೆ ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡಕ್ಕೆ ಹೋದರು. ಅಲ್ಲಿ ಅವರನ್ನೂ ಸೇರಿಸಿ ಐವರು ಮುನ್ನಡೆ ಆಟಗಾರರನ್ನು ಜನ ಪಂಚಪಾಂಡವರು ಎಂದು ಕರೆದರು. ಬೆಂಗಳೂರಿನ ಹುಡುಗನೊಬ್ಬ ಬಂಗಾಳಕ್ಕೆ ಹೋಗಿ ಪಾಂಡವನಾದದ್ದು, ಬೆಂಗಳೂರಿನ ದೊಡ್ಡ ಹಬ್ಬವಾದ ಕರಗ ಪಾಂಡವರ ಗುಡಿಯಲ್ಲಿ ನಡೆಯುವುದು, ಎರಡಕ್ಕೂ ಸಂಬಂಧವೇನೂ ಇಲ್ಲ. ಆದರೂ ಖುಷಿ ಕೊಟ್ಟಿತು.

ಗುರುವಾರ, ಏಪ್ರಿಲ್ 10: ತ್ರಯೋದಶಿ

ಮಹಾವೀರ ಜಯಂತಿ, ರಜೆ. ಡೆಲ್ಲಿ ಜೊತೆ ಮ್ಯಾಚು ಏಳೂವರೆಗೆ. ತಮ್ಮ ಮಧ್ಯಾಹ್ನ ಮೂರಕ್ಕೇ ಕೆಂಪು ಅಂಗಿ ಹಾಕಿ ಕೂತಿದ್ದ. ನಾನು ಒಂದು ಷರತ್ತು ಹಾಕಿದೆ. ಮೊದಲು ಸಂಪಂಗಿ ಕೆರೆ, ಆಮೇಲೆ ಸ್ಟೇಡಿಯಂ.

"ಯಾವ ಕೆರೆ ಅಕ್ಕ? ಅಲ್ಲಿ ಕಂಠೀರವ ಇರೋದು."

ಕೆರೆ ಇದೆ. ಕಂಠೀರವದ ಪಕ್ಕ, ದೊಡ್ಡ ಕಟ್ಟಡಗಳ ನಡುವೆ ಒಂದು ಕಲ್ಯಾಣಿಯಷ್ಟು. ಹಿಂದೆ ಸುತ್ತಲಿನ ತೋಟಗಳಿಗೆ ನೀರುಣಿಸಿದ ಕೆರೆ ಅದು. ತೋಟ ಮಾಡುತ್ತಿದ್ದವರಲ್ಲಿ ತಿಗಳರು ಮುಖ್ಯ. ಕರಗ ಅವರದೇ ಹಬ್ಬ. ಕೆರೆ ಒಣಗಿಸಿ ಮೈದಾನ ಮಾಡಿದರು. 1997ರ ರಾಷ್ಟ್ರೀಯ ಕ್ರೀಡಾಕೂಟ ಇಲ್ಲಿ ನಡೆಯಿತು. ಆ ವರ್ಷ ಛೆಟ್ರಿ ಇಲ್ಲಿ ಆಡುತ್ತಿದ್ದರು. ಆದರೆ ಕರಗಕ್ಕೆ ನೀರು ಬೇಕೇ ಬೇಕು. ಕರಗದ ದೇವತೆ ದ್ರೌಪದಿ ನೀರಿನ ದಡದಲ್ಲಿ ಹುಟ್ಟುವವಳು. ಹಾಗಾಗಿ ಕೆರೆಯ ಒಂದು ಚೂರು ಉಳಿದಿದೆ. ಪರಿಸರದ ಯಾವ ಕಾನೂನೂ ಉಳಿಸದ್ದನ್ನು ಒಂದು ಆಚರಣೆ ಉಳಿಸಿತು ಅಂತ ಹೇಳಿಬಿಡಬಹುದು. ಅದರ ಅಳತೆ ನೋಡಿದರೆ ಅಷ್ಟು ಜೋರಾಗಿ ಹೇಳಲು ಮನಸ್ಸಾಗುವುದಿಲ್ಲ.

ಆ ರಾತ್ರಿ ಹಸಿ ಕರಗ, ಹುಣ್ಣಿಮೆಯ ಕರಗಕ್ಕೆ ಎರಡು ದಿನ ಮೊದಲಿನ ಆಚರಣೆ. ಕುರುಕ್ಷೇತ್ರ ಮುಗಿದ ಮೇಲೆ ಪಾಂಡವರು ಸ್ವರ್ಗದ ದಾರಿ ಹಿಡಿದಾಗ ದ್ರೌಪದಿ ಹಿಂದೆ ಉಳಿದಳು. ತಿಮಿರಾಸುರ ಎಂಬ ರಾಕ್ಷಸ ಎದುರಾದ. ಅವಳು ಆದಿಶಕ್ತಿಯಾಗಿ ವೀರಕುಮಾರರನ್ನು ಹುಟ್ಟಿಸಿ ಅವನನ್ನು ಮುಗಿಸಿದಳು. ಹೊರಟು ನಿಂತಾಗ ಮಕ್ಕಳು ಹೋಗಬೇಡ ಅಂತ ಅತ್ತರು. ವರ್ಷಕ್ಕೆ ಮೂರು ದಿನ ಬರುತ್ತೇನೆ ಅಂತ ಮಾತು ಕೊಟ್ಟಳು. ಆ ಮೂರು ದಿನ ಶುರುವಾಗುವುದು ತ್ರಯೋದಶಿಗೆ, ಈ ನೀರಿನ ಹತ್ತಿರ. ನಾವು ಹೋದಾಗ ಚಪ್ಪರಕ್ಕೆ ಲೈಟು ಕಟ್ಟುತ್ತಿದ್ದರು. ಕರಗದಲ್ಲಿ ವೀರಕುಮಾರರಾಗಿ ಸೇವೆ ಮಾಡುವ ಮನೆಯವರೊಬ್ಬರು ತಮ್ಮನ ಅಂಗಿ ನೋಡಿ, "ಇವತ್ತು ಗೆಲ್ತೀರಾ?" ಅಂತ ಕೇಳಿದರು. ಅವನು ಗುಡಿಯ ಕಡೆ ತಿರುಗಿ ಕೈ ಮುಗಿದ.

ಕಬ್ಬನ್ ಪಾರ್ಕ್ ದಾಟಿದರೆ ಚಿನ್ನಸ್ವಾಮಿ. ನಡೆಯುತ್ತಾ ಹೋದ ಹಾಗೆ ಹಸಿರು ಕಡಿಮೆಯಾಗಿ ಕೆಂಪು ಜಾಸ್ತಿಯಾಗುತ್ತದೆ. ಮುಖಕ್ಕೆ ಬಣ್ಣ ಬಳಿಯುವವರು, ನಕಲಿ ಜೆರ್ಸಿ ಮಾರುವವರು, ಪೀಪಿ ಊದುವ ಮಕ್ಕಳು. ಗೇಟಿನಲ್ಲಿ ನೀರಿನ ಬಾಟಲಿ ಕಿತ್ತುಕೊಂಡರು, ಚಿಲ್ಲರೆ ಕಾಸನ್ನೂ ಬಿಡಲಿಲ್ಲ. ಮಂಡ್ಯದ ವಕೀಲ, ಆಮೇಲೆ ಬಿಸಿಸಿಐ ಅಧ್ಯಕ್ಷರಾದ ಎಂ. ಚಿನ್ನಸ್ವಾಮಿ ಅವರ ಹೆಸರಿನ ಮೈದಾನ. 1974ರಲ್ಲಿ ಮೊದಲ ಟೆಸ್ಟ್ ವೆಸ್ಟ್ ಇಂಡೀಸ್ ಜೊತೆ ನಡೆದಾಗ ವಿವಿಯನ್ ರಿಚರ್ಡ್ಸ್ ಮತ್ತು ಗಾರ್ಡನ್ ಗ್ರೀನಿಜ್ ಇಬ್ಬರಿಗೂ ಅದೇ ಮೊದಲ ಟೆಸ್ಟು. ನಾನು ಇದನ್ನು ಹೇಳುವಷ್ಟರಲ್ಲಿ ತಮ್ಮ ಮೆಟ್ಟಿಲು ಹತ್ತಿ ಮಾಯ.

ಸ್ಟೇಡಿಯಂ ಒಳಗೆ ಕಾಲಿಟ್ಟಾಗ ಆಗುವ ಅನುಭವವನ್ನು ಟೀವಿ ಕೊಡುವುದಿಲ್ಲ. ಮೈದಾನ ಎಷ್ಟು ಚಿಕ್ಕದು! ಅಂಚಿನಲ್ಲಿ ನಿಂತವನ ಬೆವರು ಕಾಣುವಷ್ಟು ಹತ್ತಿರ. ಫಿಲ್ ಸಾಲ್ಟ್ ಹೊಡೆಯಲು ಶುರು ಮಾಡಿದ. ಮಿಚೆಲ್ ಸ್ಟಾರ್ಕ್‌ನ ಒಂದೇ ಓವರಿನಲ್ಲಿ 30 ರನ್. ನನ್ನ ಎಡಕ್ಕಿದ್ದ ಅಪರಿಚಿತರು ನನ್ನ ಕೈ ಹಿಡಿದು ಕುಣಿಸಿದರು. ಆಮೇಲೆ ಸಾಲ್ಟ್ 17 ಚೆಂಡಿಗೆ 37 ಮಾಡಿ ರನೌಟ್. ಅಲ್ಲಿಂದ ಗಾಳಿ ಇಳಿಯಿತು. ಕುಲದೀಪ್ ಯಾದವ್ ಮತ್ತು ವಿಪ್ರಾಜ್ ನಿಗಮ್ ಹಗ್ಗ ಬಿಗಿದರು. ಕೊನೆಗೆ ಟಿಮ್ ಡೇವಿಡ್ ಒಂದಷ್ಟು ಬೀಸಿದ್ದರಿಂದ 163.

ಡೆಲ್ಲಿ 58ಕ್ಕೆ 4 ಆದಾಗ ಗೆದ್ದೇಬಿಟ್ಟೆವು ಅಂತ ಎಲ್ಲರೂ ನಿಂತರು. ಕೂರಿಸಿದವನು ಕೆ.ಎಲ್. ರಾಹುಲ್. ಮಂಗಳೂರಲ್ಲಿ ಬೆಳೆದು ಇದೇ ಮೈದಾನದಲ್ಲಿ ಕರ್ನಾಟಕಕ್ಕೆ ಆಡಿದ ಹುಡುಗ, ಅವತ್ತು ಎದುರಾಳಿ. ಮೊದಲಿಗೆ ನಿಧಾನ, ಆಮೇಲೆ ಒಂದೊಂದೇ ಮೂಲೆ ಆರಿಸಿ ಹೊಡೆದ. 53 ಚೆಂಡಿಗೆ ಔಟಾಗದೆ 93. ಜನರಿಗೆ ಒಳಗೊಳಗೇ ಒದ್ದಾಟ. ಬೌಂಡರಿ ಬಿದ್ದಾಗ ಚಪ್ಪಾಳೆ ತಟ್ಟಲೂ ಆಗದು, ಬೈಯಲೂ ಆಗದು. ನನ್ನ ಹಿಂದಿನ ಸಾಲಿನವರು ಒಬ್ಬರು ಮೆಲ್ಲಗೆ, "ನಮ್ಮ ಹುಡುಗನೇ ಅಲ್ವಾ ಬಿಡಿ" ಅಂದರು. ಅವರ ಹೆಂಡತಿ, "ನಮ್ಮ ಹುಡುಗ ಆದ್ರೆ ನಮ್ಮ ಟೀಮಲ್ಲಿ ಆಡ್ಲಿ" ಅಂದರು. 18ನೇ ಓವರಿನಲ್ಲಿ ಸಿಕ್ಸರ್ ಹೊಡೆದು ಮುಗಿಸಿದ ರಾಹುಲ್, ಬ್ಯಾಟಿನಿಂದ ನೆಲದ ಮೇಲೆ ಒಂದು ವೃತ್ತ ಎಳೆದು ಅದರ ನಡುವೆ ಬ್ಯಾಟ್ ಊರಿ ನಿಂತ. ಇದು ನನ್ನ ಜಾಗ ಅಂತ. ಸಾವಿರಾರು ಜನ ಒಂದು ಕ್ಷಣ ಸುಮ್ಮನಾದರು. ನನ್ನ ಮಟ್ಟಿಗೆ ಆ ಮ್ಯಾಚಿನ ಅತ್ಯುತ್ತಮ ಹೊಡೆತ ಅದೇ. ತಮ್ಮ ಇದನ್ನು ಇವತ್ತಿಗೂ ಒಪ್ಪುವುದಿಲ್ಲ.

ಮೆಟ್ರೊದಲ್ಲಿ ಉಸಿರಾಡಲು ಜಾಗವಿರಲಿಲ್ಲ. ಆದರೂ ಬಾಗಿಲ ಹತ್ತಿರದ ಒಂದು ಗುಂಪು "ಈ ಸಲ ಕಪ್ ನಮ್ದೇ" ಅಂತ ಕೂಗುತ್ತಲೇ ಇತ್ತು. ಸೋತು ಅರ್ಧ ಗಂಟೆ ಆಗಿರಲಿಲ್ಲ. 18ನೇ ವರ್ಷ ಇದು. ಇಂಥ ಭಕ್ತಿ ನಾನು ಗುಡಿಗಳಲ್ಲೂ ಕಂಡಿಲ್ಲ.

ಶುಕ್ರವಾರ, ಏಪ್ರಿಲ್ 11: ಚತುರ್ದಶಿ

ಎಲ್ಲರೂ ತಡವಾಗಿ ಎದ್ದೆವು. ಶಾಲೆಗಳಿಗೆ ರಜೆ ಶುರುವಾಗಿತ್ತು. ಎದುರು ರಸ್ತೆಯಲ್ಲಿ ಎರಡು ಇಟ್ಟಿಗೆ ನಿಲ್ಲಿಸಿ ಮಕ್ಕಳ ಕ್ರಿಕೆಟ್ಟು. ಅಲ್ಲೊಬ್ಬ ಸಣ್ಣವನು ಔಟಾದಾಗಲೆಲ್ಲ ಬ್ಯಾಟಿನಿಂದ ವೃತ್ತ ಎಳೆದು ನಿಲ್ಲುತ್ತಿದ್ದ. ಗೆದ್ದಾಗ ಮಾಡುವುದು ಅದು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಸಂಜೆ ಚಿಕ್ಕಮ್ಮನ ಜೊತೆ ಕೆ.ಆರ್. ಮಾರ್ಕೆಟ್. ಕರಗದ ಹಿಂದಿನ ದಿನ ಮಲ್ಲಿಗೆ ಬೆಲೆ ಕೇಳಬಾರದು. ಚಿಕ್ಕಮ್ಮ ಕೇಳಿದರು, ಬೈದರು, ಕೊಂಡರು. ಹೂವಿನವನು, "ಅಮ್ಮಾ, ನಾಳೆ ರಾತ್ರಿ ಬನ್ನಿ, ಮೇಲಿಂದ ಸುಮ್ನೆ ಬೀಳುತ್ತೆ" ಅಂದ.

ಶನಿವಾರ, ಏಪ್ರಿಲ್ 12: ಹುಣ್ಣಿಮೆ

ಬೆಳಗ್ಗೆ ಕಬ್ಬನ್ ಪಾರ್ಕಿನಲ್ಲಿ ಜನ ಚಾಪೆ ಹಾಸಿಕೊಂಡು ಪುಸ್ತಕ ಓದುತ್ತಾರೆ. ಒಬ್ಬರ ಪಕ್ಕ ಒಬ್ಬರು, ಮಾತಿಲ್ಲ. 2023ರ ಸುಮಾರಿಗೆ ಶುರುವಾದ ಶನಿವಾರದ ರೂಢಿ. ಹುಡುಗ ಹುಡುಗಿಯರೇ ಹೆಚ್ಚು. ನಾನೂ ಒಂದು ಬಿದಿರು ಮೆಳೆಯ ಹತ್ತಿರ ಕೂತೆ. ಓದಿದ್ದು ಎರಡು ಪುಟ, ನೋಡಿದ್ದು ಇನ್ನೊಬ್ಬರು ಏನು ಓದುತ್ತಿದ್ದಾರೆ ಅಂತ. ಕನ್ನಡ ಪುಸ್ತಕಗಳು ಅಲ್ಲೊಂದು ಇಲ್ಲೊಂದು ಕಂಡವು.

ರಾತ್ರಿ ಕೋಲ್ಕತ್ತದಲ್ಲಿ ಐಎಸ್‌ಎಲ್ ಫೈನಲ್. ಬೆಂಗಳೂರು ಮತ್ತು ಮೋಹನ್ ಬಗಾನ್. ಕರಗ ಹೊರಡುವುದು ಮಧ್ಯರಾತ್ರಿಯ ಮೇಲೆ ತಾನೇ, ಮ್ಯಾಚು ಮುಗಿಸಿಕೊಂಡೇ ಹೋಗೋಣ ಅಂತ ತಮ್ಮನ ಲೆಕ್ಕ. 49ನೇ ನಿಮಿಷದಲ್ಲಿ ಬಗಾನ್ ಆಟಗಾರನೇ ಚೆಂಡನ್ನು ತನ್ನ ಗೋಲಿಗೆ ಹೊಡೆದುಕೊಂಡ. ಚಿಕ್ಕಮ್ಮನೂ ಅಡುಗೆಮನೆಯಿಂದ ಬಂದು ಕೂತರು. 72ನೇ ನಿಮಿಷಕ್ಕೆ ಪೆನಾಲ್ಟಿ, ಸಮ. ಹೆಚ್ಚುವರಿ ಆಟದ 96ನೇ ನಿಮಿಷಕ್ಕೆ ಜೇಮಿ ಮೆಕ್ಲಾರೆನ್. 2-1. ತಮ್ಮ ಟೀವಿ ಆರಿಸಿ ಚಪ್ಪಲಿ ಹಾಕಿಕೊಂಡ. "ನಡೀರಿ. ಇವತ್ತು ಸೋಲದ ಕಡೆ ಹೋಗೋಣ."

ತಿಗಳರಪೇಟೆಯ ಧರ್ಮರಾಯ ಸ್ವಾಮಿ ಗುಡಿಯ ಸುತ್ತ ಕಾಲಿಡಲು ಜಾಗವಿಲ್ಲ. ಅವಿನ್ಯೂ ರಸ್ತೆ, ನಗರ್ತಪೇಟೆ ಎಲ್ಲ ಹಗಲಿನಂತೆ. ಬೇರೆ ಬೇರೆ ಗುಡಿಗಳ ಹೂವಿನ ಪಲ್ಲಕ್ಕಿಗಳು ಒಂದರ ಹಿಂದೊಂದು ಬಂದಿದ್ದವು. ಜಗಲಿ, ಮಹಡಿ, ನೀರಿನ ಟ್ಯಾಂಕು, ಎಲ್ಲಿ ನೋಡಿದರೂ ಜನ. ಒಂದು ಚಿನ್ನದ ಅಂಗಡಿಯ ಮೆಟ್ಟಿಲ ಮೇಲೆ ಜಾಗ ಸಿಕ್ಕಿತು. ಪಕ್ಕದಲ್ಲಿ ಒಂದು ಕುಟುಂಬ ಚಿತ್ರಾನ್ನದ ಡಬ್ಬಿ ಬಿಚ್ಚಿ ಕೂತಿತ್ತು. ನಮಗೂ ಕೊಟ್ಟರು. ಅಜ್ಜಿ, ಮಗಳು, ಮೊಮ್ಮಗಳು. ತಪ್ಪದೆ ಪ್ರತಿ ವರ್ಷವೂ ಬರುತ್ತಾರಂತೆ. "ಮೊದಲು ಇಷ್ಟು ಜನ ಇರಲಿಲ್ಲಮ್ಮ, ಇಷ್ಟು ಲೈಟೂ ಇರಲಿಲ್ಲ. ಹುಣ್ಣಿಮೆ ಬೆಳಕಲ್ಲೇ ಕಾಣ್ತಿತ್ತು" ಅಂದರು ಅಜ್ಜಿ.

ಮೊದಲು ವೀರಕುಮಾರರು ಬಂದರು. ಬರಿಮೈ, ಬಿಳಿ ಪಂಚೆ, ತಲೆಗೆ ಪೇಟ, ಕೈಯಲ್ಲಿ ಬಿಚ್ಚುಗತ್ತಿ. ಕತ್ತಿಯನ್ನು ಎದೆಗೆ ಬಡಿದುಕೊಂಡು ಮಾಡುವ ಅಲಗು ಸೇವೆ ನೋಡುವಾಗ ಮೈ ಜುಂ ಅನ್ನುತ್ತದೆ. ಇವರಲ್ಲಿ ಎಷ್ಟೋ ಜನ ವಾರದ ದಿನಗಳಲ್ಲಿ ಆಫೀಸಿಗೆ ಹೋಗುವವರು. ಪೇಟೆಯ ಗರಡಿಮನೆಗಳಲ್ಲಿ ಮೈ ಹುರಿಗೊಳಿಸಿದ ಕಾಲದಿಂದ ಬಂದ ಸೇವೆ ಇದು. ಕಾಲ ಇಡುವ ರೀತಿ, ಭುಜ ತಿರುಗಿಸುವ ರೀತಿ ನೋಡಿದರೆ ಅಭ್ಯಾಸ ಗೊತ್ತಾಗುತ್ತದೆ. ಗುರುವಾರ ಚಿನ್ನಸ್ವಾಮಿಯಲ್ಲಿ ನೋಡಿದ್ದಕ್ಕಿಂತ ಇದು ಕಡಿಮೆ ಕಸರತ್ತಲ್ಲ. ಇಲ್ಲಿ ಸ್ಕೋರ್‌ಬೋರ್ಡ್ ಇಲ್ಲ, ಅಷ್ಟೇ.

ಆಮೇಲೆ "ಗೋವಿಂದಾ ಗೋವಿಂದಾ" ಕೂಗು ಗುಡಿಯ ಕಡೆಯಿಂದ ಒಮ್ಮೆಲೇ ಎದ್ದಿತು. ಕರಗ ಹೊರಬಂತು. ಅರಿಶಿನ ಬಣ್ಣದ ಸೀರೆ, ಕೈತುಂಬ ಬಳೆ, ಕಾಲಿಗೆ ಗೆಜ್ಜೆ. ಹೊತ್ತಿರುವವರು ಗಂಡಸು, ತಿಗಳ ಸಮುದಾಯದ ಪೂಜಾರಿ. ಆದರೆ ಆ ರಾತ್ರಿ ಅವರನ್ನು ಯಾರೂ ಹಾಗೆ ನೋಡುವುದಿಲ್ಲ. ತಲೆಯ ಮೇಲೆ ಮಲ್ಲಿಗೆಯ ಗೋಪುರ. ಕೈಯಿಂದ ಮುಟ್ಟುವಂತಿಲ್ಲ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಕೋಲು. ಬಿದ್ದರೆ ವೀರಕುಮಾರರ ಕತ್ತಿ ಹೊತ್ತವರ ಮೇಲೇ ಬೀಳಬೇಕು ಎಂದು ಹಿಂದಿನವರ ಮಾತು. ನಡೆಯುವುದಲ್ಲ, ಓಡುವುದು. ಓಡುವುದೂ ಅಲ್ಲ, ತೂಗುತ್ತಾ ತೇಲುವುದು. ನಮ್ಮ ಮುಂದೆ ಇದ್ದದ್ದು ಕೆಲವೇ ಸೆಕೆಂಡು. ಮಹಡಿಗಳಿಂದ ಮಲ್ಲಿಗೆ ಸುರಿಯಿತು. ಹೂವಿನವನು ಹೇಳಿದ್ದು ನಿಜ. ಫೋನು ಎತ್ತಿ ಹಿಡಿದವರಿಗೆ ಸಿಕ್ಕಿದ್ದು ಬರೀ ಫೋನುಗಳ ಚಿತ್ರ. ಅಜ್ಜಿ ಮಾತ್ರ ಕಣ್ಣು ಮಿಟುಕಿಸಲಿಲ್ಲ.

ಜನರ ಜೊತೆ ತಳ್ಳಿಸಿಕೊಳ್ಳುತ್ತಾ ಕಾಟನ್‌ಪೇಟೆ ತಲುಪಿದೆವು. ಅಲ್ಲಿ ತವಕ್ಕಲ್ ಮಸ್ತಾನ್ ದರ್ಗಾ. ಕರಗ ದರ್ಗಾಕ್ಕೆ ಹೋಗಿಯೇ ಮುಂದೆ ಹೋಗುವುದು ಹಳೆಯ ಪದ್ಧತಿ. ಪ್ರತಿ ವರ್ಷ ಇದರ ಬಗ್ಗೆ ಯಾರೋ ಏನೋ ಮಾತು ಎತ್ತುತ್ತಾರೆ, ಪ್ರತಿ ವರ್ಷ ಕರಗ ಹೋಗಿ ಬರುತ್ತದೆ. ದರ್ಗಾದ ಮುಂದೆ ಟೋಪಿ ಹಾಕಿದ ಹುಡುಗರು ಜನರಿಗೆ ದಾರಿ ಮಾಡುತ್ತಿದ್ದರು. ತಮ್ಮನ ವಯಸ್ಸಿನವನೊಬ್ಬ, ತಮ್ಮನ ಮೈಮೇಲಿದ್ದ ಬೆಂಗಳೂರು ಎಫ್‌ಸಿಯ ನೀಲಿ ಅಂಗಿ ನೋಡಿ, "ಏನ್ ಗುರು, ಎಕ್ಸ್‌ಟ್ರಾ ಟೈಮಲ್ಲಿ ಹೋಯ್ತಲ್ಲ" ಅಂದ. ಇಬ್ಬರೂ ಅಲ್ಲೇ ನಿಂತು ಪೆನಾಲ್ಟಿ ಕೊಟ್ಟಿದ್ದು ಸರಿಯಾ ತಪ್ಪಾ ಅಂತ ವಾದ ಹಚ್ಚಿಕೊಂಡರು. ನಾನು ಎರಡು ಸಲ ಕರೆದೆ. ಬರಲಿಲ್ಲ. ಪಕ್ಕದ ಗಾಡಿಯಲ್ಲಿ ಟೀ ತೆಗೆದುಕೊಂಡು ಕಾದೆ.

ಬೆಳಕು ಹರಿಯುವ ಹೊತ್ತಿಗೆ ಚಾಮರಾಜಪೇಟೆಯ ಕಡೆ ನಡೆದೆವು. ಕಸ ಗುಡಿಸುವ ಹೆಂಗಸರು ರಸ್ತೆಗೆ ಇಳಿದಿದ್ದರು.

"ಅಕ್ಕ, 18ಕ್ಕೆ ಪಂಜಾಬ್ ಮ್ಯಾಚ್ ಇದೆ ಚಿನ್ನಸ್ವಾಮಿಲಿ. ಇದ್ಬಿಡು."

"ರಜೆ ಮುಗೀತು ಕಣೋ."

"ಅಮ್ಮ ಹೇಳ್ತಿದ್ರು, ಸಂಗೀತ ಕಛೇರಿ ಇನ್ನೂ ಎರಡು ವಾರ ಇದೆಯಂತೆ."

ಮಧ್ಯಾಹ್ನದ ರೈಲಿಗೆ ಟಿಕೆಟ್ ಆಗಿತ್ತು. ಮನೆಗೆ ಹೋಗಿ ಒಂದು ಗಂಟೆ ಮಲಗಿ ಆಮೇಲೆ ಯೋಚಿಸೋಣ ಅಂದೆ.